ಕೆಮಿಕಲ್ ಫ್ಯಾಕ್ಟರಿಯಲ್ಲಿ ಸುಟ್ಟಗಾಯ: ತಡೆಯುವುದು ಹೇಗೆ, ಆಗಿಬಿಟ್ಟರೆ ಮೊದಲ ನಿಮಿಷದಲ್ಲಿ ಏನು ಮಾಡಬೇಕು

ನನ್ನ ಬಲ ಮಣಿಕಟ್ಟಿನ ಒಳಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಕಲೆ ಇದೆ. ಕಾಸ್ಟಿಕ್, ಅಂದರೆ ಕಾಸ್ಟಿಕ್ ಸೋಡಾ ದ್ರಾವಣ, ಹರಿಯುವ ಲೈನಿನ ವಾಲ್ವ್ ತಲೆಗಿಂತ ಮೇಲಿತ್ತು. ಕೈ ಎತ್ತಿ ತಿರುಗಿಸುತ್ತಿದ್ದೆ. ಗ್ಲ್ಯಾಂಡಿನಿಂದ (ವಾಲ್ವಿನ ಕಡ್ಡಿಯ ಸುತ್ತ ಸೋರದಂತೆ ತಡೆಯುವ ಭಾಗ) ಜಿನುಗಿದ ಮೂರ್ನಾಲ್ಕು ಹನಿ ಗ್ಲೌಸಿನ ಮೇಲೆ ಹರಿದು ಅದರ ಬಾಯಿಯೊಳಗೆ ಇಳಿದಿದೆ. ನೋವು ಇರಲೇ ಇಲ್ಲ. ಬೆವರು ಅಂದುಕೊಂಡೆ. ಸುಮಾರು ಹೊತ್ತಿನ ಮೇಲೆ ಗ್ಲೌಸ್ ತೆಗೆದು ಉಜ್ಜಿ ನೋಡಿದರೆ ಆ ಜಾಗ ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು. ಕಾಸ್ಟಿಕ್ ಚರ್ಮದ ಕೊಬ್ಬನ್ನೇ ಸೋಪು ಮಾಡುತ್ತದೆ, ಆ ಜಾರಿಕೆ ಅದರದ್ದೇ ಅಂತ ಆಮೇಲೆ ಗೊತ್ತಾಯಿತು.

ಮೈಮೇಲೆ ಕೆಮಿಕಲ್ ಬಿದ್ದರೆ ತೊಳೆದುಕೊಳ್ಳುವ ಸೇಫ್ಟಿ ಶವರ್ ಎಂಟು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಲಿಲ್ಲ, ಯಾಕೆಂದರೆ ಏನೂ ಆಗಿಲ್ಲ ಅಂದುಕೊಂಡಿದ್ದೆ. ಈ ಬರಹವನ್ನು ಬರೆಯುತ್ತಿರುವುದು ಆ ಒಂದು ತಪ್ಪಿನ ಕಾರಣಕ್ಕೆ. ಮೊದಲು ನೀರು, ಯೋಚನೆ ಆಮೇಲೆ. ಕೆಳಗೆ ಬರೆದಿರುವ ಬಹುಪಾಲು ಹೆಜ್ಜೆಗಳು, ಆ ನೀರು ಬೇಗ ಸಿಗುವಂತೆ ಮಾಡುವುದು ಹೇಗೆ ಅನ್ನುವುದರ ಬಗ್ಗೆಯೇ ಇವೆ.

ಯಾವುದು ಹೇಗೆ ಸುಡುತ್ತದೆ

ಆಸಿಡ್ ಬಿದ್ದರೆ ಚರ್ಮದ ಪ್ರೋಟೀನು ಹೆಪ್ಪುಗಟ್ಟಿ ಗಟ್ಟಿ ಪದರ ಆಗುತ್ತದೆ. ಆ ಪದರ ಆಸಿಡ್ ಇನ್ನೂ ಒಳಗೆ ಇಳಿಯುವುದನ್ನು ಸ್ವಲ್ಪ ತಡೆಯುತ್ತದೆ. ಉರಿಯೂ ತಕ್ಷಣ ಶುರುವಾಗುತ್ತದೆ, ಹಾಗಾಗಿ ಜನ ತಾವಾಗಿಯೇ ನೀರಿನ ಕಡೆ ಓಡುತ್ತಾರೆ. ಕಾಸ್ಟಿಕ್ ಸೋಡಾ, ಪೊಟ್ಯಾಶ್, ಸುಣ್ಣ, ಅಮೋನಿಯಾ ಇವು ಹಾಗಲ್ಲ. ಚರ್ಮವನ್ನು ಕರಗಿಸುತ್ತಾ ಕರಗಿಸುತ್ತಾ ಒಳಗೆ ಹೋಗುತ್ತವೆ, ತಡೆಯುವ ಪದರವೇ ಏಳುವುದಿಲ್ಲ. ಮೊದಲಲ್ಲಿ ನೋವೂ ಕಡಿಮೆ. ನನ್ನ ಅನುಭವದಲ್ಲಿ ಆಸಿಡ್‌ಗೆ ಹೆದರುವ ಅರ್ಧದಷ್ಟೂ ಜನ ಕಾಸ್ಟಿಕ್‌ಗೆ ಹೆದರುವುದಿಲ್ಲ. ಇದು ಬದಲಾಗಬೇಕು.

ಆಮೇಲೆ ಸ್ಟೀಮ್. ಕುದಿಯುವ ನೀರು ಮೈಮೇಲೆ ಬಿದ್ದರೆ ಅದು ತಣಿಯುವಾಗ ಬಿಡುವ ಶಾಖ ಮಾತ್ರ ನಿಮಗೆ ತಗಲುತ್ತದೆ. ಸ್ಟೀಮ್ ಬಡಿದರೆ ಅದು ಮೊದಲು ಚರ್ಮದ ಮೇಲೆ ನೀರಾಗುತ್ತದೆ. ಹಾಗೆ ನೀರಾಗುವಾಗ ಪ್ರತಿ ಕೆಜಿಗೆ ಸುಮಾರು 2257 ಕಿಲೋಜೂಲ್ ಶಾಖ ಬಿಡುತ್ತದೆ. ಅಷ್ಟೇ ಕುದಿನೀರು ಮೈಶಾಖಕ್ಕೆ ಇಳಿಯುವಾಗ ಬಿಡುವುದು ಸುಮಾರು 264. ಇನ್ನೊಂದು ವಿಷಯ, ಸೂಪರ್‌ಹೀಟ್ ಆದ, ಅಂದರೆ ಕುದಿಯುವ ಬಿಸಿಗಿಂತಲೂ ಹೆಚ್ಚು ಕಾಯಿಸಿದ, ಸ್ಟೀಮ್ ಕಣ್ಣಿಗೆ ಕಾಣುವುದಿಲ್ಲ. ಲೀಕ್ ಆಗುವ ಬಾಯಿಯಿಂದ ದೂರ ಹೋಗಿ ತಣ್ಣಗಾದ ಮೇಲೆ ಬಿಳಿ ಹೊಗೆಯ ಹಾಗೆ ಕಾಣುತ್ತದೆ. ಸದ್ದು ಬರುತ್ತಿದೆ, ಏನೂ ಕಾಣುತ್ತಿಲ್ಲ ಅಂದರೆ ಕೈ ಆಡಿಸಿ ಹುಡುಕಬೇಡಿ.

ಬಿಸಿಯ ವಿಷಯದಲ್ಲಿ ಎರಡು ಅಂಕಿ ನೆನಪಿಟ್ಟುಕೊಂಡರೆ ಸಾಕು. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. 70 ಡಿಗ್ರಿಗೆ ಒಂದು ಸೆಕೆಂಡ್ ಸಾಕು. ಸ್ಟೀಮ್ ತಣಿದು ಆದ ನೀರನ್ನು ಹೊರಬಿಡುವ ಕಂಡೆನ್ಸೇಟ್ ಡ್ರೈನ್, ಗ್ಲಾಸ್‌ಲೈನ್ಡ್ ರಿಯಾಕ್ಟರಿನ ಜಾಕೆಟ್ ನೀರು, ಪ್ಲಾಂಟಿನಲ್ಲಿ ಸುಮ್ನೆ ಬಿಸಿನೀರು ಅಂತ ಕರೆಯುವುದೆಲ್ಲ ಸಾಮಾನ್ಯವಾಗಿ ಇದಕ್ಕಿಂತ ಬಿಸಿ ಇರುತ್ತದೆ.

ತಣ್ಣಗಿರುವುದೂ ಸುಡುತ್ತದೆ. ದ್ರವ ನೈಟ್ರೋಜನ್ ಮೈನಸ್ 196 ಡಿಗ್ರಿ. ದ್ರವ ಅಮೋನಿಯಾ ಮೈನಸ್ 33, ಅದು ಹೆಪ್ಪುಗಟ್ಟಿಸುವುದರ ಜೊತೆಗೆ ಕ್ಷಾರವಾಗಿಯೂ ಸುಡುತ್ತದೆ. ಕರೆಂಟಿನ ಗಾಯ ಹೊರಗೆ ಚಿಕ್ಕದಾಗಿ ಕಂಡು ಒಳಗೆ ದೊಡ್ಡದಿರುತ್ತದೆ, ಹೃದಯದ ಬಡಿತವನ್ನೂ ಕೆಡಿಸಬಹುದು. ಹಾಗಾಗಿ ಎಷ್ಟೇ ಸಣ್ಣ ಗಾಯ ಆದರೂ ಇಸಿಜಿ ಮಾಡಿಸಬೇಕು.

ಇವತ್ತೇ ಮಾಡಿ: ಕಣ್ಣು ಮುಚ್ಚಿ ಶವರ್ ತನಕ ನಡೆಯಿರಿ

ಸೇಫ್ಟಿ ಶವರ್ ಮತ್ತು ಐ ವಾಶ್ (ಕಣ್ಣು ತೊಳೆಯುವ ನೀರಿನ ಬುಗ್ಗೆ) ಬಗ್ಗೆ ಹೆಚ್ಚಿನ ಕಡೆ ಒಪ್ಪಿಕೊಂಡಿರುವ ಅಳತೆಗೋಲು ಅಮೆರಿಕದ ಆನ್ಸಿ ಝಡ್358.1. ಅದು ಹೇಳುವುದು ಇಷ್ಟು: ಅಪಾಯ ಇರುವ ಜಾಗದಿಂದ 10 ಸೆಕೆಂಡಿನೊಳಗೆ ತಲುಪುವಂತಿರಬೇಕು. ಶವರ್ ನಿಮಿಷಕ್ಕೆ ಸುಮಾರು 76 ಲೀಟರ್ ನೀರನ್ನು ಕನಿಷ್ಠ 15 ನಿಮಿಷ ಸುರಿಸಬೇಕು. ಐ ವಾಶ್ ನಿಮಿಷಕ್ಕೆ ಕನಿಷ್ಠ 1.5 ಲೀಟರ್. ವಾಲ್ವ್ ಒಂದು ಸೆಕೆಂಡಿನಲ್ಲಿ ತೆರೆಯಬೇಕು, ಕೈಬಿಟ್ಟರೂ ತೆರೆದೇ ಇರಬೇಕು. ನೀರು 16ರಿಂದ 38 ಡಿಗ್ರಿ ಒಳಗಿರಬೇಕು. ವಾರಕ್ಕೊಮ್ಮೆ ನಡೆಸಿ ನೋಡಬೇಕು.

ಕಾಗದದಲ್ಲಿ ಇದೆಲ್ಲ ಎಲ್ಲಾ ಪ್ಲಾಂಟಿನಲ್ಲೂ ಸರಿ ಇರುತ್ತದೆ. ನಿಜ ಗೊತ್ತಾಗಬೇಕಾದರೆ ಹೀಗೆ ಮಾಡಿ. ನೀವು ಜಾಸ್ತಿ ಹೊತ್ತು ನಿಲ್ಲುವ ಪಂಪ್ ಹತ್ತಿರ ನಿಂತುಕೊಳ್ಳಿ. ಜೊತೆಗೊಬ್ಬರು ಎಡವದಂತೆ ನೋಡಿಕೊಳ್ಳಲಿ. ಕಣ್ಣು ಮುಚ್ಚಿ ಶವರ್ ತನಕ ನಡೆಯಿರಿ, ಹಿಡಿಕೆ ಹುಡುಕಿ ಎಳೆಯಿರಿ. ಆಸಿಡ್ ಕಣ್ಣಿಗೆ ಹಾರಿದವನು ನಡೆಯುವುದು ಹೀಗೆಯೇ, ಅಲ್ವಾ? ನಾವು ಇದನ್ನು ಮಾಡಿದ ಮೊದಲ ದಿನ ಒಬ್ಬ ಆಪರೇಟರ್ ಹೋಸ್ ಪೈಪಿಗೆ ಎಡವಿದ, ಇನ್ನೊಬ್ಬರು ಶವರ್ ಕೆಳಗೆ ನಿಲ್ಲಿಸಿದ್ದ ಖಾಲಿ ಡ್ರಮ್ಮಿಗೆ ಡಿಕ್ಕಿ ಹೊಡೆದರು. ಅವರಿಬ್ಬರೂ ಅದೇ ಪ್ಲಾಂಟಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು.

ನಡೆಯುವಾಗ ಇವನ್ನು ನೋಡಿಕೊಳ್ಳಿ. ದಾರಿಯಲ್ಲಿ ಮೆಟ್ಟಿಲಿದೆಯಾ, ನಿಮ್ಮ ಕಡೆಗೆ ಎಳೆದು ತೆರೆಯುವ ಬಾಗಿಲಿದೆಯಾ? ರಿಪೇರಿಗೆಂದು ಮುಚ್ಚಿದ ಮೇನ್ ವಾಲ್ವನ್ನು ಮತ್ತೆ ತೆರೆದಿದ್ದಾರಾ? ಮೊದಲ ನೀರು ತುಕ್ಕು ಬಣ್ಣದ್ದಾ? ಹಾಗಿದ್ದರೆ ತಿಳಿಯಾಗುವ ತನಕ ಬಿಡಿ. ತುಕ್ಕಿನ ಚೂರು ಸುಟ್ಟ ಕಣ್ಣಿಗೆ ಹೋಗಬಾರದು. ಬಿಸಿಲಿಗೆ ಒಡ್ಡಿದ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಮೈ ಸುಡುವಷ್ಟು ಕಾದಿರುತ್ತದೆ. ಚಳಿಯಲ್ಲಿ ಅದೇ ನೀರು ಎಷ್ಟು ತಣ್ಣಗಿರುತ್ತದೆ ಅಂದರೆ ಮೂರನೇ ನಿಮಿಷಕ್ಕೆ ಗಾಯಾಳು ಹೊರಗೆ ಬಂದುಬಿಡುತ್ತಾನೆ. ಎರಡೂ ಕಡೆ ತೊಂದರೆ ಒಂದೇ, 15 ನಿಮಿಷ ಯಾರೂ ನಿಲ್ಲುವುದಿಲ್ಲ.

ಕಾಂಟ್ರಾಕ್ಟ್ ಕೆಲಸಗಾರರನ್ನು ಮರೆಯಬೇಡಿ. ಗ್ಯಾಸ್ಕೆಟ್ ಬದಲಿಸುವ ಫಿಟ್ಟರ್, ಡ್ರಮ್ ಉರುಳಿಸುವ ಹೆಲ್ಪರ್, ಬಣ್ಣ ಬಳಿಯುವವರು, ಇವರಿಗೆ ಶವರ್ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಪರ್ಮಿಟ್‌ಗೆ (ಕೆಲಸ ಶುರು ಮಾಡಲು ಕೊಡುವ ಅನುಮತಿ ಚೀಟಿ) ಸಹಿ ಹಾಕುವ ಮುಂಚೆ ಅವರನ್ನು ಶವರ್ ತನಕ ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಹಿಡಿಕೆ ಎಳೆಸಿ. ಎರಡು ನಿಮಿಷದ ಕೆಲಸ.

ಎಸ್‌ಡಿಎಸ್‌ನಲ್ಲಿ ಮೊದಲು ಓದಬೇಕಾದದ್ದು

ಎಸ್‌ಡಿಎಸ್‌ನಲ್ಲಿ (ಪ್ರತಿ ಕೆಮಿಕಲ್ ಜೊತೆ ಬರುವ ಸುರಕ್ಷತಾ ಮಾಹಿತಿ ಹಾಳೆ) 16 ಭಾಗ ಇರುತ್ತದೆ. ಎಲ್ಲವನ್ನೂ ಓದುವಷ್ಟು ಹೊತ್ತು ಇಲ್ಲ ಅಂದರೆ 4 ಮತ್ತು 8 ಓದಿ. 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಯಾವ ಗ್ಲೌಸ್, ಯಾವ ಕನ್ನಡಕ ಅಂತ ಇರುತ್ತದೆ. ನಿಮ್ಮ ಏರಿಯಾದ ಪ್ರತಿ ಕೆಮಿಕಲ್‌ಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ನೀರೊಂದೇ ಸಾಕಾ, ಅಥವಾ ಬೇರೆ ಏನಾದರೂ ಕೈಗೆ ಸಿಗುವಂತೆ ಇಟ್ಟಿರಬೇಕಾ? ಬೇರೆ ಬೇಕು ಅನ್ನುವವು ಕೆಲವೇ ಇರುತ್ತವೆ. ಅವುಗಳ ಹೆಸರನ್ನು ಕಂಟ್ರೋಲ್ ರೂಮಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ, ನಿಮ್ಮ ಕೆಲಸಗಾರರು ಓದುವ ಭಾಷೆಯಲ್ಲಿ ಬರೆದು ಹಾಕಿ.

ಮೈಮೇಲೆ ಏನು, ಹೇಗೆ

ಗ್ಲೌಸ್ ಅಂದರೆ ಎಲ್ಲಾ ಒಂದೇ ಅಲ್ಲ. ತೆಳು ನೈಟ್ರೈಲ್ ಗ್ಲೌಸಿನ ಮೂಲಕ ಅಸಿಟೋನ್ ಕೆಲವೇ ನಿಮಿಷದಲ್ಲಿ ಒಳಗೆ ಬರುತ್ತದೆ, ಗಾಢ ಸಲ್ಫ್ಯೂರಿಕ್ ಆಸಿಡ್ ನೈಟ್ರೈಲನ್ನೇ ತಿನ್ನುತ್ತದೆ. ಕೀಟೋನ್‌ಗಳಿಗೆ ಬ್ಯೂಟೈಲ್ ಒಳ್ಳೆಯದು. ಗ್ಲೌಸ್ ತಯಾರಿಸುವವರು ಯಾವ ಕೆಮಿಕಲ್ ಎಷ್ಟು ನಿಮಿಷದಲ್ಲಿ ಒಳಗೆ ಬರುತ್ತದೆ ಅನ್ನುವ ಪಟ್ಟಿ ಕೊಡುತ್ತಾರೆ. ಸ್ಟೋರಿನವರಿಂದ ಅದನ್ನು ಕೇಳಿ ತೆಗೆದುಕೊಳ್ಳಿ.

ಕೈ ಕೆಳಗಿಟ್ಟು ಮಾಡುವ ಕೆಲಸಕ್ಕೆ ತೋಳಿನ ಬಟ್ಟೆ ಗ್ಲೌಸಿನ ಮೇಲೆ ಬರಲಿ. ಕೈ ಎತ್ತಿ ಮಾಡುವ ಕೆಲಸಕ್ಕೆ ಗ್ಲೌಸಿನ ಬಾಯಿಯನ್ನು ಹೊರಕ್ಕೆ ಮಡಚಿ, ಹರಿದು ಬಂದ ಹನಿ ಆ ಮಡಿಕೆಯಲ್ಲೇ ನಿಲ್ಲುತ್ತದೆ. ಇಷ್ಟು ಮಾಡಿದ್ದರೆ ನನ್ನ ಕೈಮೇಲೆ ಕಲೆ ಇರುತ್ತಿರಲಿಲ್ಲ. ಪ್ಯಾಂಟು ಯಾವಾಗಲೂ ಗಮ್ ಬೂಟಿನ ಹೊರಗೆ ಇರಲಿ. ಒಳಗೆ ತುರುಕಿದರೆ ಚೆಲ್ಲಿದ್ದೆಲ್ಲ ಬೂಟಿನೊಳಗೆ ತುಂಬಿಕೊಳ್ಳುತ್ತದೆ, ಪಾದ ಅದರಲ್ಲೇ ನೆನೆಯುತ್ತದೆ.

ಫೇಸ್ ಶೀಲ್ಡ್ ಇದ್ದರೂ ಒಳಗೆ ಕೆಮಿಕಲ್ ಗಾಗಲ್ಸ್ ಬೇಕು. ಶೀಲ್ಡಿನ ಗದ್ದದ ಕಡೆ ತೆರೆದಿರುತ್ತದೆ, ಕೆಳಗಿನಿಂದ ಚಿಮ್ಮಿದ್ದು ನೇರ ಕಣ್ಣಿಗೆ ಬರುತ್ತದೆ. ಬೇಗ ಹೊತ್ತಿಕೊಳ್ಳುವ ದ್ರವ, ಗ್ಯಾಸ್ ಇರುವ ಕಡೆ ಪಾಲಿಯೆಸ್ಟರ್ ಬಟ್ಟೆ ಬೇಡವೇ ಬೇಡ. ಅದು ಸುಮಾರು 250 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಫ್ಲ್ಯಾಶ್ ಫೈರ್, ಅಂದರೆ ಗ್ಯಾಸ್ ಅಥವಾ ಆವಿ ಒಮ್ಮೆಲೇ ಹೊತ್ತಿಕೊಳ್ಳುವ ಬೆಂಕಿ, ಸಾಮಾನ್ಯವಾಗಿ ಕೆಲವೇ ಸೆಕೆಂಡ್ ಇರುತ್ತದೆ. ಆಮೇಲೂ ಸುಡುತ್ತಲೇ ಇರುವುದು ಬಟ್ಟೆ. ಬೆಂಕಿ ತಡೆಯುವ ಎಫ್ಆರ್ ಬಟ್ಟೆ ಬೇಕಾಗುವುದು ಅದಕ್ಕೇ. ಒಳಗಿನ ಬನಿಯನ್ ಕೂಡ ಹತ್ತಿಯದ್ದೇ ಇರಲಿ.

ಲೈನ್ ಬಿಚ್ಚುವಾಗ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾನು ಕಂಡ ಕೆಟ್ಟ ಗಾಯಗಳಲ್ಲಿ ಬಹುಪಾಲು ಖಾಲಿ ಆಗಿದೆ ಅಂದುಕೊಂಡು ಬಿಚ್ಚಿದ ಲೈನಿನಿಂದ ಆದವು.

ಗೇಜ್ ಸೊನ್ನೆ ತೋರಿಸಬಹುದು, ಗೇಜಿನ ಬಾಯಿ ಕಟ್ಟಿಕೊಂಡಿರಬಹುದು. ಡ್ರೈನ್ ತೆರೆದಾಗ ಏನೂ ಬರದೇ ಇರಬಹುದು, ಡ್ರೈನೇ ಕಟ್ಟಿಕೊಂಡಿರಬಹುದು. 50 ಪರ್ಸೆಂಟ್ ಕಾಸ್ಟಿಕ್ ಸುಮಾರು 12 ಡಿಗ್ರಿಗೇ ಗಟ್ಟಿಯಾಗಲು ಶುರುವಾಗುತ್ತದೆ. ಚಳಿ ರಾತ್ರಿಯಲ್ಲಿ ಲೈನ್ ಕಟ್ಟಿಕೊಳ್ಳುತ್ತದೆ, ಬೆಳಿಗ್ಗೆ ಡ್ರೈನಿನಿಂದ ಏನೂ ಬರುವುದಿಲ್ಲ, ಫ್ಲೇಂಜ್ (ಎರಡು ಪೈಪನ್ನು ಬೋಲ್ಟ್ ಹಾಕಿ ಜೋಡಿಸುವ ತಟ್ಟೆ) ಬಿಚ್ಚುತ್ತಾರೆ, ಅಷ್ಟರಲ್ಲಿ ಹೊರಗಿನಿಂದ ಸ್ಟೀಮ್ ಹಿಡಿದು ಕಾಯಿಸಿದ್ದು ಕೆಲಸ ಮಾಡಿ ಹಿಂದೆ ನಿಂತಿದ್ದ ದ್ರವವೆಲ್ಲ ಒಟ್ಟಿಗೆ ಬಿಸಿಬಿಸಿಯಾಗಿ ಮುಖಕ್ಕೆ ಬರುತ್ತದೆ. ಡ್ರೈನಿನಿಂದ ಏನಾದರೂ ಬಂದು ನಿಂತರೆ ಮಾತ್ರ ಅದು ಖಾಲಿಯಾದ ಗುರುತು. ಏನೂ ಬರದಿದ್ದರೆ ಅದು ಕಟ್ಟಿಕೊಂಡ ಗುರುತು ಅಂತಲೇ ತಿಳಿಯಿರಿ.

ಮಾಡುವ ಕ್ರಮ ಹೀಗೆ. ಎರಡೂ ಕಡೆ ಐಸೊಲೇಟ್ ಮಾಡಿ, ಅಂದರೆ ಉಳಿದ ಲೈನಿನಿಂದ ಬೇರ್ಪಡಿಸಿ, ಬೀಗ ಹಾಕಿ, ಟ್ಯಾಗ್ ಕಟ್ಟಿ. ಪಂಪಿನ ಕರೆಂಟ್ ತೆಗೆಸಿ. ಪ್ರೆಶರ್ ಬಿಡಿ. ಲೈನಿನ ಎಲ್ಲಾ ತಗ್ಗು ಜಾಗದಿಂದ ಡ್ರೈನ್ ಮಾಡಿ. ಆ ಕೆಮಿಕಲ್‌ಗೆ ನೀರು ಆಗುತ್ತದೆ ಅಂದರೆ ತೊಳೆಯಿರಿ. ಬಿಚ್ಚುವ ಮುಂಚೆ ಹತ್ತಿರದ ಶವರ್ ಎಳೆದು ನೋಡಿ, ಒಬ್ಬರನ್ನು ಅದರ ಪಕ್ಕ ನಿಲ್ಲಿಸಿ. ಇಷ್ಟಾದ ಮೇಲೂ ಲೈನ್ ತುಂಬಿದೆ ಅಂತಲೇ ಭಾವಿಸಿ ಪೂರ್ತಿ ಸೂಟ್ ಹಾಕಿಕೊಳ್ಳಿ.

ಫ್ಲೇಂಜಿನ ಕೆಳಗೆ ನಿಲ್ಲಬೇಡಿ, ಎದುರಿಗೂ ನಿಲ್ಲಬೇಡಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವ ಹಾಗೆ ಪಕ್ಕಕ್ಕೆ ನಿಲ್ಲಿ. ನಿಮ್ಮಿಂದ ಆಚೆ ಇರುವ ಬೋಲ್ಟನ್ನು ಮೊದಲು ಸಡಿಲ ಮಾಡಿ. ಪೂರ್ತಿ ತೆಗೆಯಬೇಡಿ, ಒಂದೆರಡು ಸುತ್ತು ಸಾಕು. ಆಚೆ ಕಡೆ ಫ್ಲೇಂಜ್ ಸ್ವಲ್ಪ ಬಾಯಿ ಬಿಡುವಂತೆ ಮಾಡಿ, ಕಾಯಿರಿ. ಒಳಗೆ ಏನಾದರೂ ಉಳಿದಿದ್ದರೆ ಆ ಕಡೆಗೆ ಹೋಗುತ್ತದೆ, ಮತ್ತೆ ಬಿಗಿ ಮಾಡಲು ಬೋಲ್ಟ್ ಇನ್ನೂ ಜಾಗದಲ್ಲೇ ಇರುತ್ತದೆ. ಹತ್ತಿರದ ಬೋಲ್ಟ್ ಕೈಗೆ ಸುಲಭ ಅಂತ ಅದನ್ನೇ ಮೊದಲು ಬಿಚ್ಚುವವರನ್ನು ಕಂಡರೆ ಅಲ್ಲೇ ತಡೆಯಿರಿ.

ಯಾವ ಬೋಲ್ಟ್ ಏನನ್ನು ಹಿಡಿದಿದೆ ಅಂತ ಗೊತ್ತಿಲ್ಲದೆ ಕೈ ಹಾಕಬೇಡಿ. 2016ರ ನವೆಂಬರ್ 22ರಂದು ಅಮೆರಿಕದ ಬ್ಯಾಟನ್ ರೂಜ್‌ನ ಒಂದು ರಿಫೈನರಿಯಲ್ಲಿ ಐಸೊಬ್ಯೂಟೇನ್ ಲೈನಿನ ಪ್ಲಗ್ ವಾಲ್ವ್ ಕೈಚಕ್ರದಿಂದ ತಿರುಗಲಿಲ್ಲ. ಗೇರ್‌ಬಾಕ್ಸ್ ತೆಗೆದು ರೆಂಚ್‌ನಿಂದ ತಿರುಗಿಸಲು ನೋಡಿದರು. ಅದು ಹಳೆಯ ವಿನ್ಯಾಸದ ವಾಲ್ವ್. ಗೇರ್‌ಬಾಕ್ಸ್ ತೆಗೆಯಲು ಬಿಚ್ಚಿದ ಬೋಲ್ಟುಗಳೇ ವಾಲ್ವಿನ ಮೇಲ್ಮುಚ್ಚಳವನ್ನೂ ಹಿಡಿದಿದ್ದವು. ತಿರುಗಿಸಿದ ಕೂಡಲೇ ವಾಲ್ವ್ ಬಿಚ್ಚಿಕೊಂಡು ಗ್ಯಾಸ್ ಹೊರಬಂತು, ಅರ್ಧ ನಿಮಿಷದೊಳಗೆ ಹೊತ್ತಿಕೊಂಡಿತು. ನಾಲ್ವರು ಕೆಲಸಗಾರರು ತೀವ್ರವಾಗಿ ಸುಟ್ಟುಕೊಂಡರು. ಬೇರೆ ಬಹಳಷ್ಟು ವಾಲ್ವ್‌ಗಳಲ್ಲಿ ಅದೇ ರೀತಿ ಮಾಡಿದರೆ ಏನೂ ಆಗುತ್ತಿರಲಿಲ್ಲ.

ಮೈಮೇಲೆ ಬಿತ್ತು. ಈಗ?

1. ಹತ್ತಿರ ಓಡುವ ಮುಂಚೆ ನೋಡಿ. ಇನ್ನೂ ಚಿಮ್ಮುತ್ತಿದೆಯಾ? ನೆಲದ ಮೇಲೆ ಹರಿದಿದೆಯಾ? ನಿಮ್ಮ ಕೈಗೆ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಇದೆಯಾ? ಕಾಪಾಡಲು ಹೋದವರೇ ಎರಡನೇ ಗಾಯಾಳು ಆಗುವುದು ತುಂಬಾ ಸಾಮಾನ್ಯ.

2. ಒಣ ಪುಡಿ ಆಗಿದ್ದರೆ, ಅಂದರೆ ಸುಟ್ಟ ಸುಣ್ಣ, ಕಾಸ್ಟಿಕ್ ಫ್ಲೇಕ್ಸ್ ಥರದ್ದು, ಮೊದಲು ಬಟ್ಟೆಯಿಂದಲೋ ಬ್ರಷ್‌ನಿಂದಲೋ ಕೊಡವಿ ಬೀಳಿಸಿ. ಇದಕ್ಕೆ ಕೆಲವು ಸೆಕೆಂಡ್ ಸಾಕು. ಆಮೇಲೆ ನೀರು. ದ್ರವ ಆಗಿದ್ದರೆ ನೇರ ನೀರಿಗೆ.

3. ಶವರ್ ಕೆಳಗೆ ನಿಲ್ಲಿಸಿ ಹಿಡಿಕೆ ಎಳೆಯಿರಿ. ನೀರು ಸುರಿಯುತ್ತಿರುವಾಗಲೇ ಬಟ್ಟೆ ತೆಗೆಯಿರಿ, ಬಟ್ಟೆ ತೆಗೆದು ಆಮೇಲೆ ನೀರಿಗೆ ಅಲ್ಲ. ಶರ್ಟನ್ನು ತಲೆಯ ಮೇಲಿಂದ ಎಳೆಯಬೇಡಿ, ಮುಖಕ್ಕೆಲ್ಲ ಬಳಿದಂತಾಗುತ್ತದೆ. ಕತ್ತರಿಯಿಂದ ಕತ್ತರಿಸಿ. ಗಾಗಲ್ಸ್ ಇದ್ದರೆ ತಲೆ ಮೇಲಿಂದ ನೀರು ಚೆನ್ನಾಗಿ ಹರಿದ ಮೇಲೆ ತೆಗೆಯಿರಿ. ಬೂಟು, ಸಾಕ್ಸ್, ಬೆಲ್ಟ್, ವಾಚ್, ಉಂಗುರ ಎಲ್ಲಾ ತೆಗೆಯಿರಿ. ಬೆಲ್ಟಿನ ಚರ್ಮ ಆಸಿಡ್ ಹೀರಿಕೊಂಡು ಸೊಂಟವನ್ನು ಸುಡುತ್ತಲೇ ಇರುತ್ತದೆ.

4. ಗಡಿಯಾರ ನೋಡಿ. ಸುಡುವ ಗುಣದ ಹೆಚ್ಚಿನ ಕೆಮಿಕಲ್‌ಗಳಿಗೆ 30 ನಿಮಿಷ ನೀರು ಬೇಕು. ಕಾಸ್ಟಿಕ್ ಥರದ ಗಾಢ ಕ್ಷಾರಗಳಿಗೆ 60 ನಿಮಿಷ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಇದ್ದರೆ ಕಾಯದೆ ಸಾಗಿಸಿ, ದಾರಿಯಲ್ಲೂ ನೀರು ಹಾಕುತ್ತಾ ಇರಿ.

5. ಅದೇ ಹೊತ್ತಿಗೆ ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ, ಎಸ್‌ಡಿಎಸ್ ಪ್ರಿಂಟ್ ತೆಗೆಯಲಿ.

ಮೂರನೆಯದರ ಬಗ್ಗೆ ಒಂದು ಮಾತು. ಎಲ್ಲರ ಎದುರು ಬಟ್ಟೆ ಬಿಚ್ಚಲು ನಾಚಿಕೆಯಾಗಿ ಜನ ಒದ್ದೆ ಪ್ಯಾಂಟಿನಲ್ಲೇ ನಿಂತುಬಿಡುತ್ತಾರೆ. ತೊಡೆ, ಗುಪ್ತಾಂಗಗಳ ಆಳವಾದ ಗಾಯಕ್ಕೆ ಇದೇ ಕಾರಣ. ಬೈದರೆ ಪ್ರಯೋಜನ ಇಲ್ಲ. ಪ್ರತಿ ಶವರ್ ಹತ್ತಿರ ಒಂದು ಪರದೆ, ಎರಡು ಕಂಬಳಿ, ಒಂದು ಜೊತೆ ಸಡಿಲ ಬಟ್ಟೆ, ಒಂದು ಕತ್ತರಿ ಇಡಿ. ಘಟನೆ ಆದಾಗ ಬೇಡದವರನ್ನೆಲ್ಲ ಅಲ್ಲಿಂದ ಕಳಿಸಿ. ಹೆಂಗಸರು ಕೆಲಸ ಮಾಡುವ ಕಡೆ ಇದು ಇನ್ನೂ ಮುಖ್ಯ.

ಆಸಿಡ್ ಬಿದ್ದ ಜಾಗಕ್ಕೆ ಸೋಡಾ, ಕಾಸ್ಟಿಕ್ ಬಿದ್ದ ಜಾಗಕ್ಕೆ ಹುಳಿ ಹಾಕಿ ಸರಿಮಾಡುವ ಯೋಚನೆ ಬೇಡ. ಅವೆರಡೂ ಸೇರುವಾಗ ಶಾಖ ಹುಟ್ಟಿ ಗಾಯದ ಮೇಲೆ ಇನ್ನೊಂದು ಗಾಯ ಆಗುತ್ತದೆ, ಅದನ್ನು ಹುಡುಕುವಷ್ಟರಲ್ಲಿ ನೀರಿನ ಹೊತ್ತೂ ಹೋಗುತ್ತದೆ. ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಸೇರಿದರೆ ಬಿಸಿಯಾಗುತ್ತದಲ್ಲ ಅಂತ ಕೇಳುವವರಿದ್ದಾರೆ. ನಿಜ, ಲೋಟದಷ್ಟು ನೀರು ಹಾಕಿದರೆ ಬಿಸಿಯಾಗುತ್ತದೆ. ಶವರಿನ ನೀರು ಆ ಬಿಸಿಯನ್ನೂ ಆಸಿಡನ್ನೂ ಒಟ್ಟಿಗೆ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ನೀರು ಜಾಸ್ತಿ ಇರಬೇಕು, ನಿಲ್ಲದೆ ಹರಿಯಬೇಕು.

ಕಣ್ಣಿಗೆ ಹೋದರೆ

ಕಣ್ಣು ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿಯಲೇಬೇಕು. ಗಾಯಾಳುವಿನ ಕೈಯಲ್ಲಿ ಆಗದಿದ್ದರೆ ನೀವು ಹಿಡಿಯಿರಿ. ಒಂದೇ ಕಣ್ಣಿಗೆ ಹೋಗಿದ್ದರೆ ಆ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ, ತೊಳೆದ ನೀರು ಇನ್ನೊಂದು ಕಣ್ಣಿಗೆ ಹೋಗಬಾರದು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡು ಅಂತ ಹೇಳುತ್ತಾ ಇರಿ. ರೆಪ್ಪೆಯ ಒಳಮಡಿಕೆಯಲ್ಲಿ ಕಾಸ್ಟಿಕ್ ಚೂರು, ಸುಣ್ಣದ ಕಣ ಸಿಕ್ಕಿಕೊಂಡು ಗಂಟೆಗಟ್ಟಲೆ ಸುಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಿರಿ, ಅದಕ್ಕಾಗಿ ನೀರು ನಿಲ್ಲಿಸಬೇಡಿ.

ಆಸಿಡ್, ಕ್ಷಾರ ಎಷ್ಟಿದೆ ಅಂತ ತೋರಿಸುವ ಪಿಎಚ್ ಪೇಪರ್ ಇದ್ದರೆ ತೊಳೆಯುವುದು ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು ಕೆಳರೆಪ್ಪೆಗೆ ಮುಟ್ಟಿಸಿ ನೋಡಿ. 7ರ ಆಸುಪಾಸು ಇದ್ದರೆ ಸರಿ. ಕ್ಷಾರ ಒಳಗಿನಿಂದ ಮತ್ತೆ ಜಿನುಗುವುದರಿಂದ ತೊಳೆದ ತಕ್ಷಣ ನೋಡಿದ್ದು ನಂಬುವಂತಿಲ್ಲ. ನೋವು ಕಡಿಮೆ ಆಯಿತು ಅಂದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು.

ನೀರೊಂದೇ ಸಾಲದವು

ಹೈಡ್ರೋಫ್ಲೋರಿಕ್ ಆಸಿಡ್, ಎಚ್ಎಫ್. ಇದು ಎಲ್ಲಕ್ಕಿಂತ ಬೇರೆ. ಇದರ ಫ್ಲೋರೈಡ್ ಚರ್ಮ ದಾಟಿ ಒಳಗೆ ಹೋಗಿ ಮೈಯ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಗಾಢ ಎಚ್ಎಫ್ ಅಂಗೈ ಎರಡು ಮೂರರಷ್ಟು ಜಾಗಕ್ಕೆ ಬಿದ್ದರೂ ಪ್ರಾಣಕ್ಕೆ ಅಪಾಯ. 20 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ನೋವು ಶುರುವಾಗಲು 24 ಗಂಟೆ ತನಕ ಹಿಡಿಯಬಹುದು. ಅಷ್ಟು ಹೊತ್ತಿಗೆ ಗಾಯಾಳು ಮನೆಗೆ ಹೋಗಿ ಮಲಗಿರುತ್ತಾನೆ.

ಎಚ್ಎಫ್ ಬಿದ್ದರೆ ತಕ್ಷಣ ನೀರು. 2.5 ಪರ್ಸೆಂಟ್ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಂತಿದ್ದರೆ 5 ನಿಮಿಷ ತೊಳೆದು ಜೆಲ್ ಶುರು ಮಾಡಿ, ಇಲ್ಲದಿದ್ದರೆ ಜೆಲ್ ಸಿಗುವ ತನಕ ತೊಳೆಯುತ್ತಲೇ ಇರಿ. ಗ್ಲೌಸ್ ಹಾಕಿದ ಕೈಯಿಂದ ಉಜ್ಜುತ್ತಾ, ಮತ್ತೆ ಮತ್ತೆ ಹೊಸದಾಗಿ ಹಚ್ಚುತ್ತಾ ಆಸ್ಪತ್ರೆ ತನಕ ಹೋಗಿ. ಬೆರಳಿಗಾದರೆ ಗ್ಲೌಸಿನೊಳಗೆ ಜೆಲ್ ತುಂಬಿ ಅದರೊಳಗೆ ಕೈ ಇಡಿಸಿ. ನೋವು ಮರೆಸುವ ಔಷಧಿ ಕೈಗೆ ಹಚ್ಚಬೇಡಿ. ಚಿಕಿತ್ಸೆ ಕೆಲಸ ಮಾಡುತ್ತಿದೆಯಾ ಅಂತ ಹೇಳುವುದು ಆ ನೋವು ಇಳಿಯುವುದೇ. ಜೆಲ್ಲಿನ ಎಕ್ಸ್‌ಪೈರಿ ತಾರೀಖನ್ನು ಇವತ್ತೇ ನೋಡಿ. ಜೆಲ್ ಇಲ್ಲದ ಕಡೆ ಎಚ್ಎಫ್ ಕೆಲಸ ಶುರು ಮಾಡಲು ಒಪ್ಪಬೇಡಿ.

ಫೀನಾಲ್ ಚರ್ಮವನ್ನು ಬೆಳ್ಳಗೆ ಮಾಡಿ ಮರಗಟ್ಟಿಸುತ್ತದೆ, ಹಾಗಾಗಿ ನೋವು ಗೊತ್ತಾಗುವುದಿಲ್ಲ. ರಕ್ತಕ್ಕೂ ಸೇರುತ್ತದೆ. ಸ್ವಲ್ಪ ನೀರು ಹಾಕಿದರೆ ಅದು ಹರಡುತ್ತದೆ ಅಷ್ಟೇ. ಶವರಿನ ಭಾರಿ ನೀರು ಬೇಕು, ಇಲ್ಲವೇ ಪಾಲಿಎಥಿಲೀನ್ ಗ್ಲೈಕಾಲ್ 300 ಅಥವಾ 400ರಲ್ಲಿ ಅದ್ದಿದ ಬಟ್ಟೆಯಿಂದ ಬಟ್ಟೆ ಬದಲಿಸುತ್ತಾ ಒರೆಸಬೇಕು.

ಸೋಡಿಯಂ, ಪೊಟ್ಯಾಶಿಯಂ ಲೋಹದ ಚೂರು ಚರ್ಮಕ್ಕೆ ಅಂಟಿದ್ದರೆ ನೀರು ಮುಟ್ಟಿಸಬೇಡಿ, ಅದು ಹೊತ್ತಿಕೊಳ್ಳುತ್ತದೆ. ಮಿನರಲ್ ಆಯಿಲ್ ಮುಚ್ಚಿ ಚಿಮಟದಿಂದ ಚೂರು ತೆಗೆಯಿರಿ, ಎಲ್ಲಾ ತೆಗೆದಾದ ಮೇಲೆ ಧಾರಾಳ ನೀರು. ಬಿಳಿ ರಂಜಕ ಇದಕ್ಕೆ ಉಲ್ಟಾ. ಒಣಗಿದರೆ ಸುಮಾರು 30 ಡಿಗ್ರಿಗೇ ಹೊತ್ತಿಕೊಳ್ಳುತ್ತದೆ, ಹಾಗಾಗಿ ಗಾಯವನ್ನು ನೀರಿನಲ್ಲಿ ಮುಳುಗಿಸಿಯೋ ಒದ್ದೆ ಬಟ್ಟೆ ಮುಚ್ಚಿಯೋ ಕಳಿಸಬೇಕು. ಕರಗಿದ ಗಂಧಕ, ಡಾಂಬರು ಅಂಟಿದ್ದರೆ ನೀರು ಹಾಕಿ ತಣ್ಣಗೆ ಮಾಡಿ. ಕೀಳಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ದ್ರವ ಅಮೋನಿಯಾದಿಂದ ಬಟ್ಟೆ ಮೈಗೆ ಹೆಪ್ಪುಗಟ್ಟಿ ಅಂಟಿದ್ದರೂ ಹಾಗೆಯೇ, ನೀರು ಹಾಕಿ ಸಡಿಲವಾದ ಮೇಲೆ ತೆಗೆಯಿರಿ.

ಬೆಂಕಿ, ಸ್ಟೀಮ್, ಬಿಸಿ ದ್ರವ

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ನಿಂತು, ನೆಲಕ್ಕೆ ಬಿದ್ದು, ಮುಖ ಮುಚ್ಚಿಕೊಂಡು ಉರುಳಿ. ಬೆಂಕಿ ಆರಿದ ಮೇಲೆ 20 ನಿಮಿಷ ಹರಿಯುವ ತಣ್ಣೀರು. ಗಾಯ ಆಗಿ 3 ಗಂಟೆಯೊಳಗೆ ಯಾವಾಗ ಮಾಡಿದರೂ ಪ್ರಯೋಜನ ಇದೆ, ತಡವಾಯಿತು ಅಂತ ಬಿಡಬೇಡಿ. ಐಸ್ ಬೇಡ. ದೊಡ್ಡ ಗಾಯ ಆಗಿದ್ದರೆ ಗಾಯಕ್ಕೆ ಮಾತ್ರ ನೀರು, ಉಳಿದ ಮೈ ಕಂಬಳಿಯಲ್ಲಿ ಬೆಚ್ಚಗಿರಲಿ, ಮೈ ತಣ್ಣಗಾಗಿ ನಡುಗಲು ಬಿಡಬಾರದು. ಅಂಟಿಕೊಂಡ ಬಟ್ಟೆಯನ್ನು ಹಾಗೆಯೇ ಬಿಟ್ಟು ಸುತ್ತ ಕತ್ತರಿಸಿ. ಉಂಗುರವನ್ನು ಊತ ಬರುವ ಮುಂಚೆಯೇ ತೆಗೆಯಿರಿ. ಟೂತ್‌ಪೇಸ್ಟ್, ಎಣ್ಣೆ, ಪುಡಿ, ಮುಲಾಮು ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ತಣಿದ ಮೇಲೆ ಸ್ವಚ್ಛವಾದ ಅಡುಗೆಮನೆ ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಹಾಸಿ, ಬಿಗಿಯಾಗಿ ಸುತ್ತಬೇಡಿ.

ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ, ಎಂಜಲಿನಲ್ಲಿ ಮಸಿ ಕಂಡರೆ ಮೈಮೇಲಿನ ಗಾಯ ಎಷ್ಟೇ ಚಿಕ್ಕದಿರಲಿ, ಅದು ಎಮರ್ಜೆನ್ಸಿ. ಗಂಟಲು ಒಳಗೆ ಊದಿಕೊಂಡು ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಬಹುದು.

ಆಸ್ಪತ್ರೆಗೆ ಕಳಿಸುವಾಗ

ಗಾಯಾಳುವಿನ ಜೊತೆ ಒಂದು ಚೀಟಿ ಹೋಗಲಿ. ಕೆಮಿಕಲ್ ಹೆಸರು, ಎಷ್ಟು ಪರ್ಸೆಂಟ್, ಎಷ್ಟು ಗಂಟೆಗೆ ಆಯಿತು, ಎಷ್ಟು ನಿಮಿಷ ತೊಳೆದಿರಿ. ಎಸ್‌ಡಿಎಸ್ ಪ್ರಿಂಟ್ ಜೊತೆಗಿರಲಿ. ಸಮಯ ಯಾಕೆ ಮುಖ್ಯ ಅಂದರೆ, ದೊಡ್ಡ ಸುಟ್ಟಗಾಯಕ್ಕೆ ಡ್ರಿಪ್ ಲೆಕ್ಕ ಹಾಕುವಾಗ ಮೊದಲ 8 ಗಂಟೆಯನ್ನು ಗಾಯ ಆದ ಹೊತ್ತಿನಿಂದ ಎಣಿಸುತ್ತಾರೆ, ಆಸ್ಪತ್ರೆ ತಲುಪಿದ ಹೊತ್ತಿನಿಂದ ಅಲ್ಲ.

ಎಷ್ಟು ಭಾಗ ಸುಟ್ಟಿದೆ ಅಂತ ಫೋನಿನಲ್ಲಿ ಹೇಳಬೇಕಾದರೆ ಗಾಯಾಳುವಿನ ಅಂಗೈ ಬೆರಳು ಸಮೇತ ಮೈಯ ಸುಮಾರು 1 ಪರ್ಸೆಂಟ್ ಅಂತ ಎಣಿಸಿ. ದೊಡ್ಡದಾದರೆ ಪೂರ್ತಿ ತೋಳು 9, ಪೂರ್ತಿ ಕಾಲು 18, ಎದೆ ಹೊಟ್ಟೆ 18, ಬೆನ್ನು 18, ತಲೆ 9. ಬರೀ ಕೆಂಪಾಗಿರುವ ಜಾಗವನ್ನು ಸೇರಿಸಬೇಡಿ. ಮುಖ, ಕೈ, ಪಾದ, ಗುಪ್ತಾಂಗ, ಕೀಲುಗಳ ಮೇಲಿನ ಗಾಯ, 10 ಪರ್ಸೆಂಟ್ ಮೀರಿದ್ದು, ಕೆಮಿಕಲ್ ಮತ್ತು ಕರೆಂಟಿನ ಗಾಯಗಳನ್ನು ಸುಟ್ಟಗಾಯದ ವಿಭಾಗ ಇರುವ ಆಸ್ಪತ್ರೆ ನೋಡುವುದು ಒಳ್ಳೆಯದು. ಬೆಳ್ಳಗೆ, ಚರ್ಮದ ಚೀಲದ ಹಾಗೆ ಗಟ್ಟಿಯಾಗಿ, ಮುಟ್ಟಿದರೂ ನೋವಿಲ್ಲದೆ ಇದ್ದರೆ ಅದು ಅತಿ ಆಳದ ಗಾಯ. ನೋವಿಲ್ಲ ಅಂತ ಸಮಾಧಾನ ಪಡಬೇಡಿ. ಟೆಟನಸ್ ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಕೇಳಿಟ್ಟುಕೊಳ್ಳಿ.

ಗಾಯಾಳುವಿನ ಬಟ್ಟೆ, ಗ್ಲೌಸ್, ಬಿಚ್ಚಿದ ಬೋಲ್ಟುಗಳನ್ನು ತೊಳೆದು ಎಸೆಯಬೇಡಿ. ಚೀಲಕ್ಕೆ ಹಾಕಿ ಕೆಮಿಕಲ್ ಹೆಸರು ಬರೆದಿಡಿ. ಗ್ಲೌಸಿನಲ್ಲಿ ತೂತು ಇತ್ತಾ, ಹನಿ ಯಾವ ಕಡೆಯಿಂದ ಒಳಗೆ ಹೋಯಿತು ಅಂತ ಅದನ್ನು ನೋಡಿಯೇ ಗೊತ್ತಾಗುವುದು. ವಿಚಾರಣೆಯಲ್ಲಿ "ಆಪರೇಟರ್ ಎಚ್ಚರ ತಪ್ಪಿದ" ಅಂತ ಬರೆದು ಮುಗಿಸುವುದನ್ನು ತುಂಬಾ ನೋಡಿದ್ದೇನೆ. ಹಾಗೆ ಬರೆದರೆ ಜಿನುಗುವ ಗ್ಲ್ಯಾಂಡ್ ಜಿನುಗುತ್ತಲೇ ಇರುತ್ತದೆ.

ಆಮೇಲಿನ ದಿನಗಳು

ಹೊಸ ಚರ್ಮ ತೆಳುವಾಗಿರುತ್ತದೆ, ತುರಿಸುತ್ತದೆ, ಬಿಸಿಲಿಗೆ ಬೇಗ ಕಪ್ಪಾಗುತ್ತದೆ. ಕಲೆ ಮೆತ್ತಗಾಗಿ ಒಂದು ಹಂತಕ್ಕೆ ಬರಲು ಒಂದೆರಡು ವರ್ಷ ಹಿಡಿಯಬಹುದು. ಕೀಲಿನ ಮೇಲಿನ ಗಾಯಕ್ಕೆ ಫಿಸಿಯೋಥೆರಪಿ ಬಿಟ್ಟರೆ ಬೆರಳು, ಮೊಣಕೈ ಮಡಚಿಕೊಂಡೇ ಉಳಿಯುತ್ತದೆ. ಕೆಲಸಕ್ಕೆ ಮರಳಿದವರನ್ನು ಕೆಲವು ತಿಂಗಳು ಫರ್ನೇಸ್ ಹತ್ತಿರ, ಸಾಲ್ವೆಂಟ್ ಮುಟ್ಟುವ ಕಡೆ ಹಾಕಬೇಡಿ.

ಭಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಮುಖಕ್ಕೆ ಆಸಿಡ್ ಹಾರಿದ್ದ ನಮ್ಮ ಒಬ್ಬ ಫಿಟ್ಟರ್ ವಾಪಸ್ ಬಂದ ಮೊದಲ ವಾರ ಆ ಪಂಪಿನ ಹತ್ತಿರ ಹೋದರೆ ಸ್ಪ್ಯಾನರ್ ಹಿಡಿದ ಕೈ ನಡುಗುತ್ತಿತ್ತು. ನಿದ್ದೆಯೂ ಇರಲಿಲ್ಲ ಅಂತ ಆಮೇಲೆ ಹೇಳಿದರು. ಶಿಫ್ಟಿನವರೆಲ್ಲ ಸೇರಿ ಅವರಿಗೆ ವರ್ಕ್‌ಶಾಪಿನ ಒಳಗಿನ ಕೆಲಸ ಕೊಡಿಸಿದೆವು, ಕಂಪನಿ ಡಾಕ್ಟರ ಮೂಲಕ ಕೌನ್ಸೆಲಿಂಗ್‌ಗೂ ಕಳಿಸಿದೆವು. ಎರಡು ತಿಂಗಳ ಮೇಲೆ ಅವರೇ ಬಂದು ಲೈನಿನ ಕೆಲಸ ಕೊಡಿ ಅಂದರು. ಅವತ್ತು ಪರ್ಮಿಟ್ ಕೈಗೆ ಬಂದ ಕೂಡಲೇ ಅವರು ಮೊದಲು ಹೋಗಿದ್ದು ಶವರ್ ಹತ್ತಿರ, ಹಿಡಿಕೆ ಎಳೆದು ನೀರು ಬರುತ್ತದಾ ಅಂತ ನೋಡಲು.